ಎಂಜಿನ್ ಕೊನೆಗೆ ನೋಡಿ

ಹಳೇ ಫಿಯೆಟ್ ನೋಡಲು ಹೋದವರ ಎದುರು ಮಾರುವವರು ಮೊದಲು ಮಾಡುವ ಕೆಲಸ ಸೆಲ್ಫ್ ಹೊಡೆದು ಎಂಜಿನ್ ಸ್ಟಾರ್ಟ್ ಮಾಡಿ ತೋರಿಸುವುದು. ‘ನೋಡಿ ಸಾರ್, ಸಿಂಗಲ್ ಸೆಲ್ಫ್. ಚಳಿಗಾಲದಲ್ಲೂ ಹೀಗೇ’ ಎನ್ನುತ್ತಾರೆ. ಆ ಸದ್ದು ಕೇಳಿದವರಿಗೆ ಅಪ್ಪನ ಕಾಲ, ಅಜ್ಜಿಯ ಊರು ಎಲ್ಲ ನೆನಪಾಗಿ, ಅರ್ಧ ವ್ಯಾಪಾರ ಅಲ್ಲೇ ಕುದುರಿರುತ್ತದೆ. ಆದರೆ ಐವತ್ತು ವರ್ಷದ ಕಾರಿನಲ್ಲಿ ಸರಿ ಮಾಡಿಸಲು ಎಲ್ಲಕ್ಕಿಂತ ಸುಲಭವಾದದ್ದೇ ಎಂಜಿನ್. ಅದನ್ನು ಕೊನೆಗೆ ನೋಡಿದರೆ ಸಾಕು.

ಕಾರಣ ಹೇಳುತ್ತೇನೆ. ಫಿಯೆಟ್ 1100 ಮತ್ತು ಅದರ ಮುಂದುವರಿಕೆಯಾದ ಪ್ರೀಮಿಯರ್ ಪದ್ಮಿನಿಯ ಪೆಟ್ರೋಲ್ ಎಂಜಿನ್ 1089 ಸಿಸಿಯದು. ನಾಲ್ಕು ಸಿಲಿಂಡರ್, 68 ಮಿ.ಮೀ ಬೋರ್, 75 ಮಿ.ಮೀ ಸ್ಟ್ರೋಕ್. ಸಿಲಿಂಡರ್ ಸವೆದಿದ್ದರೆ ಬೋರಿಂಗ್ ಮಾಡಿಸಿ ಓವರ್‌ಸೈಜ್ ಪಿಸ್ಟನ್ ಹಾಕಬಹುದು, ಬೋರ್ ಮಿತಿ ಮೀರಿದ್ದರೆ ಸ್ಲೀವ್ ಕೂರಿಸಬಹುದು. ಕ್ರ್ಯಾಂಕ್ ಗ್ರೈಂಡ್ ಮಾಡಿಸಬಹುದು, ವಾಲ್ವ್ ಗೈಡ್ ಲೇತ್‌ನಲ್ಲಿ ಹೊಸದಾಗಿಯೇ ಕಡೆಸಬಹುದು. ಹುಬ್ಬಳ್ಳಿ, ದಾವಣಗೆರೆ, ಹಾಸನದಂಥ ಊರುಗಳಲ್ಲಿ ಇದನ್ನೆಲ್ಲ ಮಾಡುವ ಕೈಗಳು ಇನ್ನೂ ಇವೆ. ಆದರೆ ಕಳೆದುಹೋದ ಮೂಲ ಆರ್‌ಸಿ ಯಾವ ಲೇತ್‌ನಲ್ಲೂ ತಯಾರಾಗುವುದಿಲ್ಲ. ಒಡೆದ ಟೇಲ್ ಲ್ಯಾಂಪ್ ಗಾಜು, ಕಾಣೆಯಾದ ಡ್ಯಾಶ್‌ಬೋರ್ಡ್ ಮೀಟರ್, ಬಂಪರ್ ಮೇಲಿನ ಕೊಂಬು, ಕಿಟಕಿ ಸುತ್ತಲಿನ ಕ್ರೋಮ್ ಪಟ್ಟಿ, ಇವಕ್ಕೆಲ್ಲ ವರ್ಷಗಟ್ಟಲೆ ಅಲೆಯಬೇಕಾಗಬಹುದು. ಹಾಗಾಗಿ ಮೊದಲು ಕಾಗದ, ಆಮೇಲೆ ಬಾಡಿ, ಆಮೇಲೆ ಸಣ್ಣಪುಟ್ಟ ಫಿಟ್ಟಿಂಗುಗಳು. ಎಂಜಿನ್ ಅವೆಲ್ಲ ಆದ ಮೇಲೆ.

ಯಾವ ಕಾರು?

ಮೊದಲ ಸಲ ಹಳೇ ಕಾರು ಕೊಳ್ಳುವವರಿಗೆ ನನ್ನ ಸಲಹೆ ಒಂದೇ. ಬಹಳ ವರ್ಷ, ಬಹಳ ಸಂಖ್ಯೆಯಲ್ಲಿ ನಮ್ಮ ದೇಶದಲ್ಲೇ ತಯಾರಾದ ಕಾರನ್ನು ಆರಿಸಿಕೊಳ್ಳಿ. ಅಪರೂಪದ ಕಾರಿನ ಆಸೆ ಸಹಜ, ಆದರೆ ಅದರ ಬಿಡಿಭಾಗಗಳೂ ಅಷ್ಟೇ ಅಪರೂಪ.

ಪ್ರೀಮಿಯರ್ ಆಟೊಮೊಬೈಲ್ಸ್ ಕಂಪನಿಯನ್ನು ವಾಲಚಂದ್ ಹೀರಾಚಂದ್ 1944ರಲ್ಲಿ ಮುಂಬೈಯಲ್ಲಿ ಶುರು ಮಾಡಿದರು. ಕನ್ನಡಿಗರಿಗೆ ಇದರಲ್ಲೊಂದು ನಂಟಿದೆ. ಭಾರತದಲ್ಲೇ ಕಾರು ತಯಾರಿಸಬೇಕೆಂದು 1930ರ ದಶಕದಲ್ಲಿ ಯೋಜನೆ ರೂಪಿಸಿ ಓಡಾಡಿದವರು ಸರ್ ಎಂ. ವಿಶ್ವೇಶ್ವರಯ್ಯ, ಅದಕ್ಕೆ ಕೈಜೋಡಿಸಿದ ಉದ್ಯಮಿ ಇದೇ ವಾಲಚಂದ್. ಬ್ರಿಟಿಷ್ ಸರ್ಕಾರದ ಅಸಹಕಾರದಿಂದ ಅದು ಮೈಸೂರು ಸಂಸ್ಥಾನದಲ್ಲಿ ಕೈಗೂಡಲಿಲ್ಲ. ಮುಂದೆ ಮುಂಬೈಯ ಕುರ್ಲಾದಲ್ಲಿ ತಯಾರಾದ ಫಿಯೆಟ್ 1100, 1970ರ ದಶಕದ ಮೊದಲ ಭಾಗದಲ್ಲಿ ಪ್ರೀಮಿಯರ್ ಪ್ರೆಸಿಡೆಂಟ್ ಆಯಿತು, ಬಳಿಕ ಪದ್ಮಿನಿ ಎಂಬ ಹೆಸರು ಪಡೆಯಿತು. ಸ್ಟಿಯರಿಂಗ್ ಪಕ್ಕದಲ್ಲೇ ಗೇರು, ನಾಲ್ಕು ಚಕ್ರಕ್ಕೂ ಡ್ರಮ್ ಬ್ರೇಕು. ಮುಂಬೈಯ ಕಪ್ಪು-ಹಳದಿ ಟ್ಯಾಕ್ಸಿಯಾಗಿ ಅದು 2023ರ ಅಕ್ಟೋಬರ್‌ವರೆಗೂ ಓಡಿತು. ಟ್ಯಾಕ್ಸಿಯಾಗಿ ಅಷ್ಟು ವರ್ಷ ದುಡಿದದ್ದರಿಂದಲೇ ಅದರ ಕ್ಲಚ್ ಪ್ಲೇಟ್, ಬ್ರೇಕ್ ಕಿಟ್, ಸಸ್ಪೆನ್ಶನ್ ಬುಷ್‌ಗಳು ಇವತ್ತಿಗೂ ಸಿಗುತ್ತಿವೆ.

ಅಂಬಾಸಡರ್ ಕತೆಯೂ ಹೀಗೇ. ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಮೂರನೇ ಸರಣಿಯ ವಿನ್ಯಾಸ ತಂದು ಹಿಂದುಸ್ತಾನ್ ಮೋಟರ್ಸ್ ಪಶ್ಚಿಮ ಬಂಗಾಳದ ಉತ್ತರಪಾಡಾದಲ್ಲಿ 1950ರ ದಶಕದ ಕೊನೆಯಿಂದ 2014ರವರೆಗೆ ತಯಾರಿಸಿತು. ಹಳೇ ಪೆಟ್ರೋಲ್ ಅಂಬಾಸಡರ್‌ನ ಎಂಜಿನ್ 1489 ಸಿಸಿಯದು. 1990ರ ದಶಕದಲ್ಲಿ 1.8 ಲೀಟರಿನ ಇಸುಜು ಎಂಜಿನ್ ಬಂತು. ಹೊರಗಿನಿಂದ ಎಲ್ಲವೂ ಒಂದೇ ಥರ ಕಂಡರೂ ಗ್ರಿಲ್, ಬಾನೆಟ್, ಡ್ಯಾಶ್‌ಬೋರ್ಡ್, ದೀಪ ಎಲ್ಲ ಮಾರ್ಕ್‌ನಿಂದ ಮಾರ್ಕ್‌ಗೆ ಬದಲಾಗಿವೆ. ಮಾರ್ಕ್-2 ಕಾರಿಗೆ ನಂತರದ ‘ನೋವಾ’ ಮಾದರಿಯ ಗ್ರಿಲ್ ಕೂರಿಸಿದ ಗಾಡಿಗಳು ಬೇಕಾದಷ್ಟಿವೆ, ನೋಡಿ ಕೊಳ್ಳಿ.

ಮೂರನೆಯದು ಮದ್ರಾಸಿನಲ್ಲಿ ತಯಾರಾದ ಸ್ಟ್ಯಾಂಡರ್ಡ್ ಹೆರಾಲ್ಡ್. ಫಿಯೆಟ್, ಅಂಬಾಸಡರ್ ಎರಡಕ್ಕೂ ಬಾಡಿಯೇ ಚಾಸಿ. ಹೆರಾಲ್ಡ್‌ಗೆ ಚಾಸಿ ಬೇರೆ, ಅದರ ಮೇಲೆ ಬಾಡಿಯನ್ನು ಬೋಲ್ಟ್ ಹಾಕಿ ಕೂರಿಸಿದೆ. ಬಾನೆಟ್ಟು ಮಡ್‌ಗಾರ್ಡುಗಳ ಸಮೇತ ಮುಂದಕ್ಕೆ ತೆರೆದುಕೊಳ್ಳುತ್ತದೆ. ಕೂತು ಕೆಲಸ ಮಾಡಲು ಇದಕ್ಕಿಂತ ಅನುಕೂಲದ ಕಾರಿಲ್ಲ. ಇದರ ಬಿಡಿಭಾಗ ಇಲ್ಲಿ ಕಡಿಮೆಯಾಗಿದ್ದರೂ, ಮೂಲ ಟ್ರಯಂಫ್ ಹೆರಾಲ್ಡ್‌ನ ಅಭಿಮಾನಿಗಳು ಇಂಗ್ಲೆಂಡಿನಲ್ಲಿ ಹೇರಳವಾಗಿರುವುದರಿಂದ ಅಲ್ಲಿ ಇವತ್ತಿಗೂ ಹೊಸದಾಗಿ ತಯಾರಾಗುತ್ತವೆ. ಎರಡನೇ ಮಹಾಯುದ್ಧಕ್ಕೆ ಹಿಂದಿನ ಆಸ್ಟಿನ್, ಫೋರ್ಡ್, ಷೆವ್ರೊಲೆಗಳ ದಾರಿ ಬೇರೆಯೇ. ಮೊದಲ ಕಾರಾಗಿ ಅವು ಬೇಡ.

ಕಾಗದ ಪತ್ರ

ಮೂಲ ಆರ್‌ಸಿ ಕೈಗೆ ಬರುವ ತನಕ ಮುಂಗಡ ಕೊಡಬೇಡಿ. ‘ಪುಸ್ತಕ ಎಲ್ಲೋ ಇದೆ ಸಾರ್, ಹುಡುಕಿ ಕೊಡ್ತೀನಿ’ ಎಂಬ ಮಾತಿಗೆ ಬೆಲೆಯಿಲ್ಲ. ಇರುವುದಾದರೆ ಹುಡುಕಿದ ಮೇಲೆ ವ್ಯಾಪಾರ ಮಾಡಬಹುದು. ಇಲ್ಲದಿದ್ದರೆ ಪೊಲೀಸ್ ದೂರು ಕೊಟ್ಟು ಡೂಪ್ಲಿಕೇಟ್ ಆರ್‌ಸಿ ಪಡೆಯುವ ಹೊಣೆ ಈಗಿನ ಮಾಲೀಕರದು. ನೋಂದಾಯಿತ ಮಾಲೀಕರಲ್ಲದೆ ಬೇರೆಯವರು ಅದನ್ನು ಮಾಡಲಾಗದು.

ನಮ್ಮ ರಾಜ್ಯದ ಹಳೇ ಗಾಡಿಗಳ ನಂಬರು ‘ಎಂವೈ’, ‘ಎಂಇ’, ‘ಸಿಎ’ ಎಂದು ಶುರುವಾಗುತ್ತದೆ. ಈಗಿನ ‘ಕೆಎ’ ಬರುವ ಮುಂಚಿನವು ಅವು. ಇಂಥ ನಂಬರಿನ ಗಾಡಿಗಳ ವಿವರ ಎಷ್ಟೋ ಸಲ ಆರ್‌ಟಿಒ ಕಚೇರಿಯ ದಪ್ಪ ರಿಜಿಸ್ಟರಿನಲ್ಲಷ್ಟೇ ಇರುತ್ತದೆ, ಕಂಪ್ಯೂಟರಿಗೆ ಏರಿರುವುದಿಲ್ಲ. ಪರಿವಾಹನ್ ಜಾಲತಾಣದಲ್ಲಿ ನಂಬರು ಹಾಕಿ ನೋಡಿ. ಮಾಹಿತಿ ಬರದಿದ್ದರೆ ಗಾಬರಿಯಾಗಬೇಕಿಲ್ಲ, ಹಣ ಕೊಡುವ ಅವಸರವೂ ಬೇಡ. ಗಾಡಿ ಮೊದಲು ನೋಂದಣಿಯಾದ ಕಚೇರಿಯಲ್ಲಿ ಹಳೇ ದಾಖಲೆ ತೆಗೆಸಿ ‘ಬ್ಯಾಕ್‌ಲಾಗ್ ಎಂಟ್ರಿ’ ಮಾಡಿಸಬೇಕು. ಅದು ಆಗದೆ ಹೆಸರು ವರ್ಗಾವಣೆಯೂ ಇಲ್ಲ, ನವೀಕರಣವೂ ಇಲ್ಲ. ಈ ಕೆಲಸವನ್ನು ಮಾರುವವರಿಂದಲೇ ಮಾಡಿಸಿಕೊಳ್ಳುವ ಷರತ್ತು ಹಾಕಿ.

ಆರ್‌ಸಿ ಸಿಕ್ಕ ಮೇಲೆ ಅದರಲ್ಲಿರುವ ಚಾಸಿ ನಂಬರು, ಎಂಜಿನ್ ನಂಬರು ಗಾಡಿಯ ಮೇಲಿರುವುದಕ್ಕೆ ತಾಳೆಯಾಗಬೇಕು. ಬರೀ ಕಣ್ಣಲ್ಲಿ ಓದಬೇಡಿ. ಚಾಸಿ ನಂಬರಿನ ಮೇಲಿನ ಧೂಳು, ಗ್ರೀಸನ್ನು ಸೀಮೆಎಣ್ಣೆ ಬಟ್ಟೆಯಲ್ಲಿ ಒರೆಸಿ, ತೆಳುವಾದ ಬಿಳಿ ಕಾಗದ ಅದುಮಿ ಹಿಡಿದು, ಪೆನ್ಸಿಲನ್ನು ಮಲಗಿಸಿ ಮೆಲ್ಲಗೆ ಉಜ್ಜಿ. ಅಕ್ಷರಗಳು ಬಿಳಿಯಾಗಿ ಎದ್ದು ಬರುತ್ತವೆ. ಆರ್‌ಟಿಒದವರೂ ಪೆನ್ಸಿಲ್ ಪ್ರಿಂಟ್ ಎಂದು ಕೇಳುವುದು ಇದನ್ನೇ. ಒಂದು ಅಂಕಿ ಮಾತ್ರ ಆಳವಾಗಿ, ಉಳಿದವು ತೆಳುವಾಗಿ ಮೂಡಿದರೆ, ಅಕ್ಷರಗಳ ಸಾಲು ಸೊಟ್ಟಗಿದ್ದರೆ, ಸುತ್ತ ವೆಲ್ಡಿಂಗ್ ಗುರುತಿದ್ದರೆ ಅಲ್ಲಿಂದ ವಾಪಸ್ ಬನ್ನಿ. ಎಷ್ಟೇ ಚೆಂದದ ಗಾಡಿಯಾದರೂ ಸರಿ.

ಎಂಜಿನ್ ನಂಬರು ಬೇರೆಯಾಗಿರುವುದು ಅಷ್ಟು ಗಂಭೀರವಲ್ಲ, ಆದರೆ ಆರ್‌ಸಿಯಲ್ಲಿ ಬದಲಾವಣೆ ನಮೂದಾಗಿರಬೇಕು. ಪೆಟ್ರೋಲ್ ದುಬಾರಿ ಎಂದು ಒಂದು ಕಾಲದಲ್ಲಿ ಎಷ್ಟೋ ಅಂಬಾಸಡರ್‌ಗಳಿಗೆ ಡೀಸೆಲ್ ಎಂಜಿನ್ ಕೂರಿಸಿದ್ದರು. ಆರ್‌ಸಿಯಲ್ಲಿ ಪೆಟ್ರೋಲ್ ಎಂದೂ ಬಾನೆಟ್ ಕೆಳಗೆ ಡೀಸೆಲ್ ಎಂಜಿನ್ನೂ ಇರುವ ಗಾಡಿಯನ್ನು ನವೀಕರಣಕ್ಕೆ ಒಯ್ದರೆ ಸಿಕ್ಕಿಬೀಳುವುದು ಹೊಸ ಮಾಲೀಕರು.

ಮಾಲೀಕರು ತೀರಿಕೊಂಡಿದ್ದರೆ ವಾರಸುದಾರರು ಮೊದಲು ಫಾರಂ 31ರ ಮೂಲಕ ತಮ್ಮ ಹೆಸರಿಗೆ ಮಾಡಿಸಿಕೊಳ್ಳಬೇಕು. ನಂತರ ನಿಮಗೆ ಫಾರಂ 29 ಮತ್ತು 30ರಲ್ಲಿ ವರ್ಗಾವಣೆ. ಅಣ್ಣತಮ್ಮಂದಿರ ನಡುವೆ ಪಾಲಿನ ತಕರಾರಿರುವ ಮನೆಯ ಶೆಡ್ಡಿನಲ್ಲಿ ನಿಂತ ಕಾರು ಬಹಳ ಅಗ್ಗಕ್ಕೆ ಸಿಗುತ್ತದೆ. ಎಲ್ಲರ ಸಹಿ ಬೀಳುವ ತನಕ ಅದನ್ನು ಮುಟ್ಟಬೇಡಿ. ಹೊರರಾಜ್ಯದ ಗಾಡಿಯಾದರೆ ಫಾರಂ 28ರ ಎನ್‌ಒಸಿ ಬೇಕು, ಇಲ್ಲಿ ಮತ್ತೆ ತೆರಿಗೆ ಕಟ್ಟಬೇಕು. ಆ ಲೆಕ್ಕವನ್ನು ಆರ್‌ಟಿಒದಲ್ಲಿ ಕೇಳಿಕೊಂಡು ಬಂದೇ ಬೆಲೆ ಮಾತಾಡಿ.

ಇನ್ನು ನವೀಕರಣ. ಖಾಸಗಿ ಕಾರಿನ ಮೊದಲ ನೋಂದಣಿ ಹದಿನೈದು ವರ್ಷಕ್ಕೆ. ಆಮೇಲೆ ಐದೈದು ವರ್ಷಕ್ಕೊಮ್ಮೆ ಗಾಡಿಯನ್ನು ಪರೀಕ್ಷೆಗೆ ಒಡ್ಡಿ ನವೀಕರಿಸಬೇಕು. ಇದರ ಶುಲ್ಕ 2022ರ ಏಪ್ರಿಲ್‌ನಿಂದ 5,000 ರೂಪಾಯಿಗೆ ಏರಿತು. ಇಪ್ಪತ್ತು ವರ್ಷ ಮೀರಿದ ಗಾಡಿಗಳಿಗೆ 2025ರಲ್ಲಿ ಮತ್ತೆ ಏರಿಕೆಯಾಗಿದೆ. ಜತೆಗೆ ಹಸಿರು ತೆರಿಗೆ, ವಿಮೆ. ನವೀಕರಣ ತಪ್ಪಿ ವರ್ಷಗಳೇ ಆಗಿದ್ದರೆ ತಡವಾದುದಕ್ಕೂ ದಂಡ ಸೇರುತ್ತದೆ.

ಐವತ್ತು ವರ್ಷ ಮೀರಿದ, ಮೂಲ ರೂಪದಲ್ಲೇ ಉಳಿದಿರುವ ಗಾಡಿಗೆ ‘ವಿಂಟೇಜ್’ ನೋಂದಣಿ ಎಂಬ ಬೇರೆ ದಾರಿಯಿದೆ. 2021ರ ಜುಲೈನಲ್ಲಿ ಕೇಂದ್ರದ ಮೋಟಾರು ವಾಹನ ನಿಯಮಗಳಿಗೆ ಸೇರಿದ ತಿದ್ದುಪಡಿ ಅದು. ಹೊಸದಾಗಿ ನೋಂದಾಯಿಸಿದರೆ 20,000 ರೂಪಾಯಿ, ಹತ್ತು ವರ್ಷದ ಅವಧಿ, ಬಳಿಕ ಮರುನೋಂದಣಿಗೆ 5,000. ಹೊಸ ನಂಬರಿನಲ್ಲಿ ರಾಜ್ಯದ ಅಕ್ಷರಗಳಾದ ಮೇಲೆ ‘ವಿಎ’ ಎಂದಿರುತ್ತದೆ. ಮೊದಲೇ ನೋಂದಣಿಯಾದ ಗಾಡಿ ತನ್ನ ಹಳೇ ನಂಬರನ್ನು ಉಳಿಸಿಕೊಳ್ಳಬಹುದು. ಆದರೆ ಒಂದು ಮಾತು ಮರೆಯಬಾರದು. ವಿಂಟೇಜ್ ನೋಂದಣಿಯ ಗಾಡಿಯನ್ನು ಪ್ರದರ್ಶನ, ರ್‍ಯಾಲಿ, ತಾಂತ್ರಿಕ ಸಂಶೋಧನೆ, ರಿಪೇರಿ, ಪೆಟ್ರೋಲ್ ತುಂಬಿಸುವುದು ಇಂಥವಕ್ಕಷ್ಟೇ ರಸ್ತೆಗಿಳಿಸಬಹುದು. ದಿನನಿತ್ಯದ ಓಡಾಟ, ಬಾಡಿಗೆ ಎರಡೂ ಇಲ್ಲ. ಭಾನುವಾರ ನಂದಿಬೆಟ್ಟಕ್ಕೋ, ಊರಿನ ಜಾತ್ರೆಗೋ ಮನೆಮಂದಿಯ ಜತೆ ಹೋಗುವ ಆಸೆಯಿದ್ದರೆ ಸಾಮಾನ್ಯ ನೋಂದಣಿಯನ್ನೇ ಐದು ವರ್ಷಕ್ಕೊಮ್ಮೆ ನವೀಕರಿಸುತ್ತಾ ಹೋಗುವುದು ಮೇಲು.

ಬಾಡಿ, ತುಕ್ಕು

ಫಿಯೆಟ್‌ಗೂ ಅಂಬಾಸಡರ್‌ಗೂ ಬಾಡಿಯೇ ಚಾಸಿ ಎಂದೆನಲ್ಲ, ತುಕ್ಕು ಅದಕ್ಕೇ ಅಷ್ಟು ಅಪಾಯದ್ದು. ಬಾಗಿಲಿನ ಕೆಳಗಿನ ಉದ್ದ ಪೆಟ್ಟಿಗೆಯಂಥ ಭಾಗ, ಫ್ಲೋರು, ಮುಂದಿನ ಸಸ್ಪೆನ್ಶನ್ ಹಿಡಿದಿರುವ ಜಾಗ, ಇವು ತಿಂದುಹೋಗಿದ್ದರೆ ಗಾಡಿಯ ಬೆನ್ನೇ ಹೋದಂತೆ. ಹೊರಗಿನ ಬಣ್ಣ ಎಷ್ಟೇ ಹೊಳೆದರೂ ಕೆಳಗೆ ಮಲಗಿ ಟಾರ್ಚ್ ಬಿಟ್ಟು ನೋಡದೆ ತೀರ್ಮಾನ ಬೇಡ. ಮ್ಯಾಟ್ ಎತ್ತಿಸಿ. ಬ್ಯಾಟರಿ ಕೂರುವ ತಟ್ಟೆ, ಡಿಕ್ಕಿಯಲ್ಲಿ ಸ್ಟೆಪ್ನಿ ಇಡುವ ತಗ್ಗು, ಮುಂದಿನ ಗಾಜಿನ ಕೆಳಗಿನ ಅಂಚು, ನೀರು ನಿಲ್ಲುವ ಎಲ್ಲ ಕಡೆಯೂ ಕೈಯಾಡಿಸಿ.

ಒಂದು ಸಣ್ಣ ಅಯಸ್ಕಾಂತವನ್ನು ತೆಳು ಬಟ್ಟೆಯಲ್ಲಿ ಸುತ್ತಿ ಜೇಬಿನಲ್ಲಿಟ್ಟುಕೊಂಡು ಹೋಗಿ. ಬಾನೆಟ್ಟಿನ ನಟ್ಟನಡುವೆ ಇಟ್ಟಾಗ ಅದು ಹಿಡಿಯುವ ಬಿಗಿ ಕೈಗೆ ತಿಳಿಯುತ್ತದೆ. ಅಲ್ಲಿಂದ ಮಡ್‌ಗಾರ್ಡಿನ ಅಂಚಿಗೆ, ಬಾಗಿಲಿನ ಕೆಳಭಾಗಕ್ಕೆ ಸರಿಸುತ್ತಾ ಬನ್ನಿ. ಹಿಡಿತ ಸಡಿಲವಾಗಿ ಅಯಸ್ಕಾಂತ ಜಾರಿದರೆ ಅಲ್ಲಿ ತಗಡಿನ ಮೇಲೆ ದಪ್ಪಗೆ ಪುಟ್ಟಿ ಮೆತ್ತಿದ್ದಾರೆ ಎಂದರ್ಥ. ಅಂಗೈಯಗಲದಷ್ಟು ಇದ್ದರೆ ಹಳೇ ಡೆಂಟು, ಸಹಿಸಬಹುದು. ಬಾಗಿಲಿನ ಕೆಳಗೆ ಉದ್ದಕ್ಕೂ ಇದ್ದರೆ ಒಳಗಿನ ತಗಡು ಇಲ್ಲವೇ ಇಲ್ಲ. ಆಮೇಲೆ ಬಾಗಿಲನ್ನು ಅರ್ಧ ತೆರೆದು ಹಿಡಿಕೆ ಹಿಡಿದು ಮೆಲ್ಲಗೆ ಎತ್ತಿ ನೋಡಿ. ಹಿಂಜ್ ಮಾತ್ರ ಸಡಿಲವಿದ್ದರೆ ಬಾಗಿಲಷ್ಟೇ ಅಲುಗುತ್ತದೆ, ಪಿಲ್ಲರ್ ತಿಂದುಹೋಗಿದ್ದರೆ ಪಿಲ್ಲರೂ ಜತೆಗೆ ಅಲುಗುತ್ತದೆ.

ಕಾರು ಎಲ್ಲಿ ಬಾಳಿತ್ತು ಎಂಬುದನ್ನೂ ಕೇಳಿ. ಮಂಗಳೂರು, ಉಡುಪಿ, ಕಾರವಾರದ ಉಪ್ಪುಗಾಳಿಯಲ್ಲಿ, ಮಲೆನಾಡಿನ ಮಳೆಯಲ್ಲಿ ನಿಂತ ಗಾಡಿಗೂ ಬಳ್ಳಾರಿ, ಚಿತ್ರದುರ್ಗ, ಕಲಬುರಗಿಯ ಒಣಹವೆಯಲ್ಲಿದ್ದ ಗಾಡಿಗೂ ಅಜಗಜಾಂತರ. ಬಣ್ಣ ಮಾಸಿ, ಸೀಟು ಹರಿದು, ಬಯಲುಸೀಮೆಯ ಶೆಡ್ಡಿನಲ್ಲಿ ಧೂಳು ಹಿಡಿದ ಫಿಯೆಟ್ ಸಿಕ್ಕರೆ, ಹೊಸ ಬಣ್ಣ ಹೊಡೆದು ಮಾರಾಟಕ್ಕಿಟ್ಟ ಕರಾವಳಿಯ ಫಿಯೆಟ್ ಬಿಟ್ಟು ಅದನ್ನೇ ತೆಗೆದುಕೊಳ್ಳಿ. ಒಳ್ಳೆಯ ಟಿಂಕರಿಂಗ್ ಮೇಸ್ತ್ರಿಗಳು ಈಗ ಕಡಿಮೆ. ತಗಡು ಬಡಿದು ಆಕಾರ ತರುವ, ಸೀಸದಲ್ಲಿ ತುಂಬುವ ಕೆಲಸ ಗೊತ್ತಿದ್ದ ತಲೆಮಾರು ವಯಸ್ಸಾಗಿ ಹಿಂದೆ ಸರಿಯುತ್ತಿದೆ. ಅವರ ದಿನಗೂಲಿ ಬಿಡಿಭಾಗದ ಬೆಲೆಗಿಂತ ಹೆಚ್ಚಾಗುವುದು ನ್ಯಾಯವೇ. ಖರ್ಚಿನ ಅಂದಾಜು ಹಾಕುವಾಗ ಬಾಡಿ ಕೆಲಸಕ್ಕೆ ದೊಡ್ಡ ಪಾಲು ಎತ್ತಿಡಿ.

ಇರಬೇಕಾದದ್ದು ಇದೆಯೇ?

ಕಾರಿನ ಸುತ್ತ ಒಂದು ಸುತ್ತು ಬಂದು ಒಂದೊಂದು ಫಿಟ್ಟಿಂಗನ್ನೂ ಫೋನಿನಲ್ಲಿ ಫೋಟೊ ತೆಗೆದುಕೊಳ್ಳಿ. ಗ್ರಿಲ್, ಲಾಂಛನ, ವೀಲ್ ಕಪ್, ಬಾಗಿಲಿನ ಹಿಡಿಕೆ, ಕಿಟಕಿ ಇಳಿಸುವ ಹ್ಯಾಂಡಲ್, ಒಳಗಿನ ದೀಪ, ಸ್ಟಿಯರಿಂಗ್ ಮೇಲಿನ ಹಾರ್ನ್ ರಿಂಗ್, ಮೀಟರ್. ಮನೆಗೆ ಬಂದು ಆ ವರ್ಷದ ಮೂಲ ಕಾರಿನ ಚಿತ್ರಗಳ ಜತೆ ಹೋಲಿಸಿ. ಮೂಲ ರೂಪ ಹೇಗಿತ್ತೆಂದು ಕಣ್ಣಾರೆ ನೋಡಬೇಕಿದ್ದರೆ ಧರ್ಮಸ್ಥಳದ ಕಾರು ಸಂಗ್ರಹಾಲಯ ಇದೆ. ಬೆಂಗಳೂರು-ಮೈಸೂರು ದಾರಿಯಲ್ಲಿ ಶ್ರೀರಂಗಪಟ್ಟಣದ ಬಳಿಯ ‘ಪಯಣ’ವೂ ಡಾ. ವೀರೇಂದ್ರ ಹೆಗ್ಗಡೆಯವರ ಸಂಗ್ರಹದ್ದೇ. ಕರ್ನಾಟಕ ವಿಂಟೇಜ್ ಅಂಡ್ ಕ್ಲಾಸಿಕ್ ಕಾರ್ ಕ್ಲಬ್ಬಿನ ರ್‍ಯಾಲಿಗಳಿಗೆ ಹೋದರೆ ಇನ್ನೂ ಲಾಭ. ಅಲ್ಲಿ ಕಾರಿನ ಪಕ್ಕದಲ್ಲೇ ಮಾಲೀಕರೂ ನಿಂತಿರುತ್ತಾರೆ. ಯಾವ ಭಾಗ ಎಲ್ಲಿ ಸಿಗುತ್ತದೆ, ಯಾವ ಮೇಸ್ತ್ರಿ ಕೈ ಒಳ್ಳೆಯದು ಎಂಬುದನ್ನು ಅವರು ಸಂತೋಷದಿಂದ ಹೇಳುತ್ತಾರೆ.

ಕ್ರೋಮ್ ಮಾಸಿದ ಬಂಪರಿಗೆ ಹೆದರಬೇಡಿ, ಉಕ್ಕಿನದಾದರೆ ಉಜ್ಜಿಸಿ ಮತ್ತೆ ಲೇಪನ ಮಾಡಿಸಬಹುದು. ಆದರೆ ಸತುವಿನ ಎರಕದ ಹಿಡಿಕೆ, ಲಾಂಛನಗಳ ಮೇಲೆ ಸಣ್ಣ ಸಣ್ಣ ಗುಳ್ಳೆ ಎದ್ದಿದ್ದರೆ ಲೋಹವೇ ಒಳಗಿಂದ ಕೊಳೆತಿದೆ. ಅದಕ್ಕೆ ಹೊಸ ಲೇಪನ ಚೆನ್ನಾಗಿ ಕೂರುವುದಿಲ್ಲ, ಬೇರೆಯದನ್ನೇ ಹುಡುಕಬೇಕು.

ಈಗ ಎಂಜಿನ್

ಇಷ್ಟೆಲ್ಲ ಸರಿಯಿದ್ದರೆ ಈಗ ಸ್ಟಾರ್ಟ್ ಮಾಡಿಸಿ. ಎಂಜಿನ್ ತಣ್ಣಗಿರುವಾಗಲೇ ಹೋಗಬೇಕು, ನೀವು ಬರುವ ಮುಂಚೆ ಬಿಸಿ ಮಾಡಿಟ್ಟಿದ್ದರೆ ಇನ್ನೊಂದು ದಿನ ಬನ್ನಿ. ರೇಡಿಯೇಟರ್ ಮುಚ್ಚಳ ತೆಗೆದಾಗ ನೀರಿನ ಮೇಲೆ ಎಣ್ಣೆ ಪದರವಿದ್ದರೆ, ಆಯಿಲ್ ಹಾಕುವ ಮುಚ್ಚಳದ ಒಳಗೆ ಹಾಲಿನ ಕೆನೆಯಂಥದು ಅಂಟಿದ್ದರೆ ಹೆಡ್ ಗ್ಯಾಸ್ಕೆಟ್ ಹೋಗಿರಬಹುದು. ಫಿಯೆಟ್‌ನ ಹೆಡ್ ಅಲ್ಯೂಮಿನಿಯಂ, ಬ್ಲಾಕ್ ಬೀಡು ಕಬ್ಬಿಣ. ಕುದಿದ ಎಂಜಿನ್ ಓಡಿಸಿದರೆ ಹೆಡ್ ಬಾಗುತ್ತದೆ. ನೀಲಿ ಹೊಗೆ ಬಂದರೆ ರಿಂಗು ಅಥವಾ ವಾಲ್ವ್ ಗೈಡ್. ಇವೆಲ್ಲ ರಿಪೇರಿಯಾಗುವಂಥವು, ಬೆಲೆ ಇಳಿಸಲು ಕಾರಣವಾಗಲಿ ಅಷ್ಟೆ.

ಮುಂದಿನ ಚಕ್ರವನ್ನು ಜಾಕ್ ಹಾಕಿ ಎತ್ತಿ ಮೇಲೊಂದು ಕೈ, ಕೆಳಗೊಂದು ಕೈ ಹಿಡಿದು ಅಲ್ಲಾಡಿಸಿ. ಕಿಂಗ್‌ಪಿನ್, ಬೇರಿಂಗಿನ ಸವೆತ ಅಲ್ಲೇ ಗೊತ್ತಾಗುತ್ತದೆ. ಓಡಿಸುವಾಗ ಖಾಲಿ ರಸ್ತೆಯಲ್ಲಿ ಬ್ರೇಕ್ ಒತ್ತಿ, ಗಾಡಿ ಒಂದು ಪಕ್ಕಕ್ಕೆ ಎಳೆದರೆ ಯಾವುದೋ ವೀಲ್ ಸಿಲಿಂಡರ್ ಜಾಮಾಗಿರಬಹುದು.

ಬಿಡಿಭಾಗದ ಹುಡುಕಾಟ

ಬೆಂಗಳೂರಿನಲ್ಲಿ ಹುಡುಕಾಟ ಜೆ.ಸಿ. ರಸ್ತೆಯಿಂದ ಶುರು. ದೊಡ್ಡ ಅಂಗಡಿಗಳ ಹಿಂದಿನ ಗಲ್ಲಿಗಳಲ್ಲಿ, ಮೇಲ್ಮಹಡಿಗಳಲ್ಲಿ ಹಳೇ ದಾಸ್ತಾನು ಇಟ್ಟುಕೊಂಡ ಸಣ್ಣ ಅಂಗಡಿಗಳಿವೆ. ಅಲ್ಲಿ ಮೊದಲು ಕೇಳುವ ಪ್ರಶ್ನೆ: ‘ಸ್ಯಾಂಪಲ್ ತಂದಿದೀರಾ ಸಾರ್?’ ಹಳೇ ಭಾಗ ಕೈಯಲ್ಲಿಲ್ಲದೆ ಹೋಗಲೇಬೇಡಿ. ಫೋಟೊ ತೋರಿಸಿ ತಂದ ಭಾಗ ಹತ್ತರಲ್ಲಿ ನಾಲ್ಕು ಸಲ ಕೂರುವುದಿಲ್ಲ ಎಂದೇ ಲೆಕ್ಕ ಇಟ್ಟುಕೊಳ್ಳಿ. ಉಪಯೋಗಿಸಿದ ಭಾಗಗಳಿಗೆ ಶಿವಾಜಿನಗರದ ಗುಜರಿ ಇದೆ. ಅದರಾಚೆಗೆ ಚೆನ್ನೈನ ಪುದುಪೇಟೆ, ಕೊಯಮತ್ತೂರಿನ ಉಕ್ಕಡಂ, ಫಿಯೆಟ್‌ಗೆ ಮುಂಬೈಯ ಕುರ್ಲಾ, ಅಂಬಾಸಡರ್‌ಗೆ ಕೋಲ್ಕತ್ತದ ಮಲ್ಲಿಕ್ ಬಜಾರ್.

ಕಾರಿನ ಕಂಪನಿ ಮುಚ್ಚಿದೆ, ಭಾಗ ಎಲ್ಲಿಂದ ಬಂದೀತು ಎಂದು ಕೈಚೆಲ್ಲುವವರು ಒಂದನ್ನು ಗಮನಿಸುವುದಿಲ್ಲ. ಕಾರಿನ ಎಷ್ಟೋ ಭಾಗಗಳನ್ನು ಕಾರಿನ ಕಂಪನಿ ಮಾಡಿದ್ದೇ ಅಲ್ಲ. ಸ್ಪಾರ್ಕ್ ಪ್ಲಗ್ ಬಂದದ್ದು ನಮ್ಮ ಆಡುಗೋಡಿಯ ಮೈಕೊದಿಂದ. ಪಿಸ್ಟನ್‌ಗೆ ಮದ್ರಾಸಿನ ಇಂಡಿಯಾ ಪಿಸ್ಟನ್ಸ್, ರಿಂಗಿಗೆ ಯಲಹಂಕದಲ್ಲಿ ಕಾರ್ಖಾನೆಯಿದ್ದ ಗೋಯೆಟ್ಜೆ, ಸೆಲ್ಫ್ ಮೋಟರ್ ಮತ್ತು ಡೈನಮೋಗೆ ಲ್ಯೂಕಾಸ್-ಟಿವಿಎಸ್, ಬ್ರೇಕಿಗೆ ಬ್ರೇಕ್ಸ್ ಇಂಡಿಯಾ. ಇವೆಲ್ಲ ಬೇರೆ ಬೇರೆ ಗಾಡಿಗಳಿಗೂ ಭಾಗ ಕೊಟ್ಟಿವೆ. ‘ಫಿಯೆಟ್‌ದು ಇದೆಯಾ?’ ಎಂದು ಕೇಳುವ ಬದಲು ಭಾಗದ ಮೇಲೆ ಕೆತ್ತಿರುವ ತಯಾರಕರ ಹೆಸರು, ನಂಬರು ಬರೆದುಕೊಂಡು ಹೋಗಿ ಕೇಳಿದರೆ ‘ಇಲ್ಲ’ ಎಂದವರೇ ಒಳಗಿನಿಂದ ಧೂಳು ಹಿಡಿದ ಡಬ್ಬಿ ತರುತ್ತಾರೆ.

ಬೇರಿಂಗ್ ಮತ್ತು ಆಯಿಲ್ ಸೀಲ್‌ಗಳಿಗಂತೂ ಕಾರಿನ ಹೆಸರೇ ಬೇಡ. ಬೇರಿಂಗಿನ ಅಂಚನ್ನು ಪೆಟ್ರೋಲಿನಲ್ಲಿ ತೊಳೆದು ಬೆಳಕಿಗೆ ಹಿಡಿಯಿರಿ, ಒಂದು ಸಂಖ್ಯೆ ಕಾಣುತ್ತದೆ. 6205 ಎಂದಿದೆ ಎನ್ನಿ. ಒಳವ್ಯಾಸ 25 ಮಿ.ಮೀ, ಹೊರವ್ಯಾಸ 52, ದಪ್ಪ 15. ಆ ನಂಬರಿನ ಬೇರಿಂಗ್ ಪಂಪ್‌ಸೆಟ್ಟಿನ ಮೋಟರಿಗೂ ಅದೇ, ಕಾರಿಗೂ ಅದೇ, ಯಾವ ಕಂಪನಿಯದಾದರೂ ಅದೇ ಅಳತೆ. ಬೇರಿಂಗ್ ಅಂಗಡಿಯಲ್ಲಿ ನಂಬರು ಹೇಳಿದರೆ ಎರಡು ನಿಮಿಷದ ಕೆಲಸ. ಸೀಲಿಗೂ ಹೀಗೇ ಒಳವ್ಯಾಸ, ಹೊರವ್ಯಾಸ, ದಪ್ಪ ಎಂಬ ಮೂರು ಅಳತೆ ಸಾಕು. ಸೀಲಿನ ಮೇಲಿನ ಅಕ್ಷರ ಅಳಿಸಿದ್ದರೆ ಅದು ಕೂರುವ ಗೂಡನ್ನೂ ಶಾಫ್ಟನ್ನೂ ವರ್ನಿಯರ್ ಕ್ಯಾಲಿಪರ್‌ನಲ್ಲಿ ಅಳೆದು ಬರೆದುಕೊಳ್ಳಿ. ಹಳೇ ಕಾರು ಇಟ್ಟುಕೊಳ್ಳುವವರ ಮನೆಯಲ್ಲಿ ಒಳ್ಳೆಯ ವರ್ನಿಯರ್ ಒಂದು ಇರಲೇಬೇಕು.

ಬೋಲ್ಟ್‌ಗಳ ವಿಷಯದಲ್ಲಿ ಜಾಗ್ರತೆ. ಫಿಯೆಟ್ ಇಟಲಿಯದಾದ್ದರಿಂದ ಮಿಲಿಮೀಟರ್ ಲೆಕ್ಕ, 13 ಮತ್ತು 17ರ ಸ್ಪ್ಯಾನರ್ ಓಡುತ್ತದೆ. ಹಳೇ ಅಂಬಾಸಡರ್ ಮೂಲತಃ ಇಂಗ್ಲೆಂಡಿನದು, ಇಂಚಿನ ಲೆಕ್ಕ. ಅದಕ್ಕೆ ಅಂದಾಜಿನಲ್ಲಿ ಮಿಲಿಮೀಟರ್ ಬೋಲ್ಟ್ ತಿರುಗಿಸಿ ಮರೆ (ಥ್ರೆಡ್) ಹಾಳುಮಾಡಿದ ಎಂಜಿನ್ನುಗಳು ಎಷ್ಟೋ. ಇಂಚಿನ ಸ್ಪ್ಯಾನರ್ ಸೆಟ್ ಬೇರೆಯಾಗಿಯೇ ಇಟ್ಟುಕೊಳ್ಳಿ.

ಹಳೇ ದಾಸ್ತಾನಿನ ಹೊಸ ಭಾಗ ಸಿಕ್ಕಿತೆಂದು ಎಲ್ಲವನ್ನೂ ಬಾಚಿಕೊಳ್ಳಬೇಡಿ. ಗೇರ್, ಶಾಫ್ಟ್, ಪಿಸ್ಟನ್, ಗಾಜು, ದೀಪ ಇವು ಎಷ್ಟು ಹಳೆಯದಾದರೂ ಚಿಂತೆಯಿಲ್ಲ. ರಬ್ಬರ್ ಹಾಗಲ್ಲ. ಮೂವತ್ತು ವರ್ಷ ಡಬ್ಬಿಯಲ್ಲಿದ್ದ ಬ್ರೇಕ್ ಕಪ್, ಸೀಲು, ಹೋಸ್ ಪೈಪು ಒಮ್ಮೆಯೂ ಬಳಸದೆ ಇದ್ದರೂ ಗಟ್ಟಿಯಾಗಿರುತ್ತವೆ. ಬ್ರೇಕಿಗೆ ಅಂಥದನ್ನು ಹಾಕುವುದು ಪ್ರಾಣದ ಪ್ರಶ್ನೆ. ರಬ್ಬರ್ ಯಾವತ್ತೂ ಹೊಸ ತಯಾರಿಕೆಯದೇ ಇರಲಿ. ಬಾಗಿಲು, ಗಾಜಿನ ಬೀಡಿಂಗ್ ಸಿಗದಿದ್ದರೆ ಹಳೆಯದರಲ್ಲಿ ಕೆಡದ ಒಂದು ಗೇಣು ತುಂಡು ಕತ್ತರಿಸಿ ರಬ್ಬರ್ ಪ್ರೊಫೈಲ್ ಮಾಡುವವರಿಗೆ ಕೊಡಿ, ಅಡ್ಡಕೊಯ್ತದ ಆಕಾರ ನೋಡಿ ಡೈ ಮಾಡುತ್ತಾರೆ. ಒಬ್ಬರಿಗೇ ದುಬಾರಿಯಾಗುತ್ತದೆ, ನಾಲ್ಕೈದು ಮಂದಿ ಫಿಯೆಟ್ ಮಾಲೀಕರು ಸೇರಿ ಮಾಡಿಸಿದರೆ ಹೊರೆಯಾಗದು.

ಬಾಗಿಲಿನ ಗಾಜು ಚಪ್ಪಟೆಯಾಗಿದ್ದರೆ ರಟ್ಟಿನಲ್ಲಿ ಅಚ್ಚು ಕತ್ತರಿಸಿ ಹೊಸದು ಮಾಡಿಸಬಹುದು. ಕತ್ತರಿಸಿ, ಅಂಚು ಉಜ್ಜಿ, ಆಮೇಲೆ ಟಫನ್ ಮಾಡಿಸಬೇಕು. ಟಫನ್ ಆದ ಗಾಜನ್ನು ಕೊಯ್ಯಲಾಗದು, ಪುಡಿಪುಡಿಯಾಗುತ್ತದೆ. ಕಿಟಕಿ-ಮೇಜಿನ ಮಾಮೂಲು ಗಾಜನ್ನು ಕಾರಿಗೆ ಹಾಕಿಸುವ ಕೆಲಸ ಮಾತ್ರ ಎಂದೂ ಬೇಡ. ಮುಂದಿನ ಬಾಗಿದ ಗಾಜಿಗೆ ಲ್ಯಾಮಿನೇಟೆಡ್ ಗಾಜೇ ಬೇಕು.

ಸವೆದ ಕಿಂಗ್‌ಪಿನ್ನು, ಗನ್‌ಮೆಟಲ್ ಬುಷ್ಷು, ಗೇರ್ ಲಿವರಿನ ಸಣ್ಣ ಕೀಲುಗಳನ್ನು ಲೇತ್‌ನಲ್ಲಿ ಮಾಡಿಸಬಹುದು. ಅಳತೆಯ ಜತೆಗೆ ಯಾವ ಉಕ್ಕು ಎಂಬುದನ್ನೂ ಕೇಳಿ. ಕಿಂಗ್‌ಪಿನ್ ಸಾದಾ ಕಬ್ಬಿಣದಲ್ಲಿ ಕಡೆದರೆ ವರ್ಷವೂ ಬಾಳದು, ಗಟ್ಟಿಯಾಗುವ ಉಕ್ಕಿನಲ್ಲಿ ಕಡೆದು ಹಾರ್ಡನಿಂಗ್ ಮಾಡಿಸಿ ಗ್ರೈಂಡ್ ಮಾಡಬೇಕು.

ಬಹಳ ಭಾಗ ಬೇಕಿದ್ದರೆ ಅದೇ ಮಾದರಿಯ, ತುಕ್ಕು ತಿಂದ ಇನ್ನೊಂದು ಗಾಡಿಯನ್ನೇ ಕೊಳ್ಳುವುದು ಅಗ್ಗ. ಅದಕ್ಕೂ ಆರ್‌ಸಿ, ಮಾರಾಟದ ಪತ್ರ ಇರಲಿ. ಎಂಜಿನ್ ಬ್ಲಾಕ್, ಗೇರ್‌ಬಾಕ್ಸ್‌ನಂಥ ದೊಡ್ಡ ಭಾಗವನ್ನು ಗುಜರಿಯಲ್ಲಿ ಬಿಲ್ಲಿಲ್ಲದೆ ತರಬೇಡಿ. ಮೇರಠ್‌ನ ಸೋತಿಗಂಜ್ ಮಾರುಕಟ್ಟೆ ದೇಶಕ್ಕೇ ಹೆಸರಾಗಿತ್ತು, ಕದ್ದ ಗಾಡಿಗಳನ್ನು ಅಲ್ಲಿ ಕಳಚಿ ಮಾರುತ್ತಾರೆಂದು 2021ರಲ್ಲಿ ಪೊಲೀಸರು ಅದನ್ನು ಮುಚ್ಚಿಸಿದರು. ಇಟಲಿ, ಇಂಗ್ಲೆಂಡಿನಿಂದ ತರಿಸುವಾಗ ಭಾಗದ ಬೆಲೆಯ ಮೇಲೆ ಸಾಗಣೆ, ಸುಂಕ ಸೇರುತ್ತದೆ. ಇಟಲಿಯ 1100 ಮತ್ತು ನಮ್ಮ ಪದ್ಮಿನಿ ಒಂದೇ ಬೇರಿನವಾದರೂ ಎಲ್ಲ ಭಾಗ ಅದಲುಬದಲಾಗುವುದಿಲ್ಲ. ಅಳತೆ ಕೇಳಿ, ಚಿತ್ರ ತರಿಸಿ ನೋಡಿ, ಆಮೇಲೆ ಹಣ ಕಳಿಸಿ.

ಮನೆಗೆ ತಂದ ಮೇಲೆ

ಬಣ್ಣಕ್ಕೂ ಸೀಟಿಗೂ ಕೈಹಾಕುವ ಮೊದಲು ಬ್ರೇಕಿನ ಮಾಸ್ಟರ್ ಸಿಲಿಂಡರ್, ನಾಲ್ಕೂ ಚಕ್ರದ ವೀಲ್ ಸಿಲಿಂಡರ್, ಹೋಸ್‌ಗಳನ್ನು ಪೂರ್ತಿ ಹೊಸದು ಮಾಡಿ. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿಯ ಗುರುತು ನೋಡಿ. 2319 ಎಂದಿದ್ದರೆ ಅದು 2019ರ 23ನೇ ವಾರ ತಯಾರಾದದ್ದು. ಗೀರು ಚೆನ್ನಾಗಿದ್ದರೂ ಹಳೇ ಟೈರು ನಂಬಿ ಹೆದ್ದಾರಿಗೆ ಇಳಿಯಬೇಡಿ.

ಪೆಟ್ರೋಲಿನ ಸಮಸ್ಯೆ ಈಗ ಹೊಸದು. ಸೀಸ ಬೆರೆತ ಪೆಟ್ರೋಲ್ ದೇಶದಲ್ಲಿ 2000ನೇ ಇಸವಿಯಲ್ಲೇ ನಿಂತಿತು. ಸೀಸ ವಾಲ್ವ್ ಸೀಟನ್ನು ಕಾಯುತ್ತಿತ್ತು, ಆದ್ದರಿಂದ ಹಳೇ ಅಂಬಾಸಡರ್ ಹೆಡ್ ಬಿಚ್ಚಿದಾಗ ಗಟ್ಟಿ ಉಕ್ಕಿನ ಸೀಟ್ ಕೂರಿಸುವುದು ಒಳ್ಳೆಯದು. ಈಗ ಬಂಕಿನಲ್ಲಿ ಸಿಗುವುದು ಶೇ 20ರಷ್ಟು ಎಥನಾಲ್ ಬೆರೆತ ಇ20. ಎಥನಾಲ್ ಹಳೇ ರಬ್ಬರನ್ನು ಉಬ್ಬಿಸುತ್ತದೆ, ಗಾಳಿಯ ತೇವ ಹೀರಿ ಟ್ಯಾಂಕಿನಲ್ಲಿ ತುಕ್ಕು ಹಿಡಿಸುತ್ತದೆ. ಪೆಟ್ರೋಲ್ ಪೈಪು, ಪಂಪಿನ ಡಯಾಫ್ರಂ, ಕಾರ್ಬೊರೇಟರ್ ಕಿಟ್ಟುಗಳನ್ನು ಎಥನಾಲ್ ತಡೆಯುವಂಥವಕ್ಕೆ ಬದಲಿಸಿ. ತಿಂಗಳುಗಟ್ಟಲೆ ನಿಲ್ಲಿಸುವುದಾದರೆ ಕಾರ್ಬೊರೇಟರ್ ಖಾಲಿ ಮಾಡಿ. ಬ್ಯಾಟರಿಗೆ ಒಂದು ಕಟ್-ಆಫ್ ಸ್ವಿಚ್ ಹಾಕಿಸಿ. ಹಳೇ ವೈರಿಂಗಿನ ಬಟ್ಟೆ ಹೊದಿಕೆ ಉದುರಿ ಶಾರ್ಟ್ ಆಗಿ ಶೆಡ್ಡಿನಲ್ಲೇ ಕಾರು ಸುಡುವ ಅಪಾಯ ಇದರಿಂದ ತಪ್ಪುತ್ತದೆ.

ವಿಮೆಯಲ್ಲಿ ಥರ್ಡ್ ಪಾರ್ಟಿ ಕಡ್ಡಾಯ. ಸ್ವಂತ ಹಾನಿಗೂ ಮಾಡಿಸುವುದಾದರೆ ಇಷ್ಟು ಹಳೇ ಕಾರಿನ ಮೌಲ್ಯವನ್ನು ಕಂಪನಿ ಮತ್ತು ನೀವು ಒಪ್ಪಿ ನಿಗದಿಮಾಡಬೇಕು. ಕೆಲಸ ಮುಗಿದ ಮೇಲಿನ ಫೋಟೊ, ಬಿಲ್ಲುಗಳನ್ನೆಲ್ಲ ಒಂದು ಕಡತದಲ್ಲಿ ಜೋಡಿಸಿಟ್ಟಿದ್ದರೆ ಆ ಮಾತುಕತೆ ಸಲೀಸು.

ಮೊದಲ ದೂರ ಪ್ರಯಾಣಕ್ಕೆ ಘಾಟಿ ಬೇಡ. ಶಿರಾಡಿ, ಚಾರ್ಮಾಡಿ ಏರುವಾಗ ಪೆಟ್ರೋಲ್ ಪಂಪು ಬಿಸಿಯಾಗಿ ಆವಿ ಕಟ್ಟಿಕೊಂಡು ಎಂಜಿನ್ ನಿಲ್ಲುವುದುಂಟು. ಒದ್ದೆ ಬಟ್ಟೆ ಸುತ್ತಿ ತಣಿಸಿದರೆ ಮತ್ತೆ ಹೊರಡುತ್ತದೆ. ಡಿಕ್ಕಿಯಲ್ಲಿ ಒಂದು ಸೆಟ್ ಪಾಯಿಂಟು, ಕಂಡೆನ್ಸರು, ಫ್ಯಾನ್ ಬೆಲ್ಟು, ಎರಡು ಪ್ಲಗ್ಗು, ಒಂದಿಷ್ಟು ಪೆಟ್ರೋಲ್ ಪೈಪು, ಕ್ಲಿಪ್ಪು, ಆ ಗಾಡಿಯ ಅಳತೆಯ ಸ್ಪ್ಯಾನರ್, ಐದು ಲೀಟರ್ ನೀರು ಇರಲಿ. ಈಗ ಸಿಗುವ ಕಂಡೆನ್ಸರುಗಳ ಗುಣಮಟ್ಟದಲ್ಲಿ ಏರುಪೇರಿದೆ, ಆದ್ದರಿಂದ ಹೊಸದನ್ನು ಮನೆಯಲ್ಲೇ ಒಮ್ಮೆ ಹಾಕಿ ಓಡಿಸಿ ನೋಡಿ, ಆಮೇಲೆ ಡಿಕ್ಕಿಗೆ ಸೇರಿಸಿ.